ಜುರುಮಿಯ ಮೂತಿ

ಕೊನ್ಸೆಪ್ಸಿಯೋನಿನ ಆಸ್ಪತ್ರೆ, ಎಕ್ಸ್‌ರೇ ಕೋಣೆ.
ಫ್ಯಾನು ತಿರುಗುತ್ತದೆ, ಗಾಳಿ ಮಾತ್ರ ಇಲ್ಲ.
ನಿಕಾಸಿಯಾ ಚಪ್ಪಲಿ ಬಿಟ್ಟು ನಿಂತಳು.
ಈಗಷ್ಟೇ ಒರೆಸಿದ ನೆಲದ ಮೇಲೆ ಅವಳ ಹೆಜ್ಜೆ
ಇಡಿಯಾಗಿ ಒತ್ತಿತ್ತು, ನಡುವೆ ಬಾಗೇ ಇಲ್ಲ,
ತಟ್ಟಿದ ರೊಟ್ಟಿಯ ಹಾಗೆ.

ಹನ್ನೊಂದು ವರ್ಷ, ಎಂದಳು.
ಬೆಳಗಿನ ಮೊದಲ ಹೆಜ್ಜೆ ಕೆಂಡ.
ಬಂದರಿನ ಮೆಟ್ಟಿಲಲ್ಲಿ ಕೂತು
ಊರವರ ತೆರೆರೆಗೆ ಪುದೀನ ಜಜ್ಜಿಕೊಡುವವಳು,
ತನ್ನ ಹಿಮ್ಮಡಿಗೆ ಮಾತ್ರ
ಯಾವ ಬೇರೂ ಸಿಗದವಳು.
ಕಾದ ಇಟ್ಟಿಗೆ, ಮೂರು ಇಂಜೆಕ್ಷನ್,
ಅಳಿಯ ತಂದ ರಬ್ಬರಿನ ಮೆತ್ತೆ,
ಪಾದ್ರಿ ಮಂತ್ರಿಸಿಕೊಟ್ಟ ಎಣ್ಣೆ.
ಎಲ್ಲರೂ ಅಂದದ್ದು ಒಂದೇ: ಮುಳ್ಳು, ಹಿಮ್ಮಡಿಯಲ್ಲಿ ಮುಳ್ಳು.

ಮುಳ್ಳು ಇತ್ತು. ನಾನೇ ತೆಗೆದ ಚಿತ್ರದಲ್ಲಿ
ಬೆಕ್ಕಿನ ಉಗುರಿನಷ್ಟು, ಚೊಕ್ಕವಾಗಿ.
ಆದರೆ ಇಂಥದೇ ಒಂದು ನನ್ನ ಹಿಮ್ಮಡಿಯಲ್ಲೂ ಇದೆ,
ನಾನು ಶನಿವಾರ ಕುಣಿಯುತ್ತೇನೆ.
ಕೈಗೆ ಸಿಕ್ಕವನೇ ಕಳ್ಳನೆಂದು
ಹನ್ನೊಂದು ವರ್ಷ ಅವನನ್ನೇ ಬಡಿದಿದ್ದರು.

"ತುದಿಗಾಲಲ್ಲಿ ನಿಲ್ಲಿ" ಎಂದರು ಡಾಕ್ಟರ್ ಓವೆಲಾರ್.
ನಿಂತಳು. ಹಿಮ್ಮಡಿ ಒಳಗೆ ಹೊರಳಲಿಲ್ಲ,
ತುಕ್ಕು ಹಿಡಿದ ಕೀಲಿನಂತೆ ಅಲ್ಲೇ.
"ಓರೆಯಾಗಿ ಇನ್ನೊಂದು ತೆಗಿ" (ಇದು ನನಗೆ).
ಪಾದ ವಾಲಿಸಿದೆ, ಮರಳಿನ ಚೀಲ ಆನಿಸಿಟ್ಟೆ,
ಕಾಲಿನ ಚಿತ್ರಕ್ಕೆ ಉಸಿರು ಹಿಡಿಯಬೇಕಿಲ್ಲ, ಎಂದೆ.
ಅವಳು ಹಿಡಿದೇ ಇದ್ದಳು.

ಪರದೆಯ ಮೇಲೆ ಬೂದಿ ಬೆಳಕು.
ಹಿಮ್ಮಡಿಯ ಮೂಳೆ ನೀಳ ಮೂತಿ ಚಾಚಿ
ಮುಂದಿನ ದೋಣಿಮೂಳೆಗೆ ತಗುಲಿತ್ತು.
ನಡುವೆ ಇರಬೇಕಾದ ಕತ್ತಲೆಯ ಗೆರೆ ಇಲ್ಲ.
ಹುಟ್ಟುವ ಮೊದಲೇ ಬೇರೆಯಾಗಬೇಕಿದ್ದ ಒಡಹುಟ್ಟುಗಳು
ಐವತ್ತೆರಡು ವರ್ಷ ಪಾಲಾಗದೆ
ಒಂದೇ ಒಲೆಯ ಸುತ್ತ ಜಗಳವಾಡುತ್ತ ಉಳಿದಿದ್ದವು.

"ಪುಸ್ತಕದಲ್ಲಿ ಇದನ್ನು ಇರುವೆಬಾಕನ ಮೂತಿ ಅನ್ನುತ್ತಾರೆ"
ಅಂದರು ಡಾಕ್ಟರ್,
ಆ ಪ್ರಾಣಿಯನ್ನು ಪುಸ್ತಕದಲ್ಲೇ ಕಂಡವರು.

ನಿಕಾಸಿಯಾ ಬಗ್ಗಿ ನೋಡಿದಳು, ಬಹಳ ಹೊತ್ತು.
"ಜುರುಮಿ" ಅಂದಳು, ನೆರೆಮನೆಯವರ ಗುರುತು ಸಿಕ್ಕಂತೆ.
ಚಾಕೋದಲ್ಲಿ, ಒಂದು ಸಂಜೆ, ಅಪ್ಪನ ಗಾಡಿಯ ಮುಂದೆ
ಬಾಲ ಎಳೆಯುತ್ತ ದಾಟಿತ್ತಂತೆ,
ಉಗುರು ಸವೆಯದಿರಲೆಂದು ಮುಂಗಾಲು ಮಡಚಿ
ಗೆಣ್ಣಿನ ಮೇಲೆ ನಡೆಯುವ ಪ್ರಾಣಿ.
"ಅದರ ನಡಿಗೆಯೂ ಸೊಟ್ಟ, ಡಾಕ್ಟರೇ.
ಅಪ್ಪ ಗಾಡಿ ನಿಲ್ಲಿಸಿದ.
ಅದು ದಾಟುವವರೆಗೂ ಎತ್ತು ಸಹ ಅವಸರ ಮಾಡಲಿಲ್ಲ."

ಸಿ.ಟಿ. ಆಗಬೇಕು, ಅಸುನ್ಸಿಯೋನಿನಲ್ಲಿ; ಆಮೇಲೆ ನೋಡೋಣ.
ಚೀಟಿ ಮಡಚಿ ಪುದೀನದ ಬುಟ್ಟಿಗೆ ಹಾಕಿದಳು.
ಬಾಗಿಲವರೆಗೆ ನಾನೂ ಹೋದೆ,
ಅವಳ ಹೆಜ್ಜೆಗೆ ಹೆಜ್ಜೆ ಹಾಕಿ, ನಿಧಾನ.