ಕಾಲರಿನ ಗುರುತು

ಚಿಂಚಪೋಕಳಿ ಸೇತುವೆಯ ಬುಡದಲ್ಲಿ ಝರಣಪ್ಪನ ಇಸ್ತ್ರಿ ಗಾಡಿ.
ಬೀದರಿನ ಕಡೆಯವ, ಓದು ಎರಡನೇ ಇಯತ್ತೆ.
ಸಾತ್ ರಸ್ತಾದ ಘಾಟಿಗೆ ಬಟ್ಟೆ ಕಳಿಸುವ ಮುಂಚೆ
ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ
ಕಾಲರು ಮಗುಚಿ ಒಂದು ಗುರುತು ಹಾಕುತ್ತಿದ್ದ:
ಎರಡು ಚುಕ್ಕಿ, ಅಡ್ಡಗೆರೆ. ಮೀನಿನ ಬಾಲ.
ಬರೀ ಸೊನ್ನೆಯಾದರೆ ಅದು ನಮ್ಮ ಮನೆಯದು.

ಖೋಲಿ ನಂಬರ್ ಯಾಕೆ ಬರೆಯೋದಿಲ್ಲ ಕಾಕಾ,
ಒಂಬತ್ತು ವರ್ಷದ ನಾನು ಕೇಳಿದ್ದೆ.
‘ಖೋಲಿ ಏನು ಅಂಗಿ ತೊಡ್ತದೇನ ಯವ್ವಾ?’
ಅಂದು, ಕೆಂಡಕ್ಕೆ ಗಾಳಿ ಹಾಕಿದ.

ಈಗ ಮಹಾಪೆಯಲ್ಲಿ ನನಗೆ ರಾತ್ರಿ ಪಾಳಿ.
ಕೊರೆಯುವ ಕೋಣೆ, ಸ್ವೆಟರು,
ಒಂದೊಂದು ರೂಟರಿನ ಹೊಟ್ಟೆಯಲ್ಲೂ
ಹತ್ತು ಲಕ್ಷ ದಾರಿಗಳು, ದಿನಾ ಇನ್ನಷ್ಟು.
ಬುಡದಲ್ಲೇ ಆದ ಎಡವಟ್ಟು:
ಯಾರು ಅನ್ನುವುದಕ್ಕೂ ಎಲ್ಲಿ ಅನ್ನುವುದಕ್ಕೂ
ಒಂದೇ ಅಂಕಿ ಇಟ್ಟುಬಿಟ್ಟರು.
ಆಫೀಸಿನ ವೈಫೈ ಬಿಟ್ಟು ಗೇಟಿನಾಚೆ ಕಾಲಿಟ್ಟೆನೋ
ಫೋನು ಟವರಿಗೆ ಜಿಗಿಯುತ್ತದೆ, ಅಂಕಿ ಬದಲು,
ಆ ತುದಿಯಲ್ಲಿದ್ದವರ ಪಾಲಿಗೆ ನಾನು
ಅರ್ಧ ವಾಕ್ಯದಲ್ಲೇ ಸತ್ತೆ.

ಹೆಸರು ಬೇರೆ, ಜಾಗ ಬೇರೆ ಮಾಡೋಣ,
ನಡುವೆ ಒಂದು ಪಟ್ಟಿ ಇರಲಿ, ಇಂಥವರು ಈಗ ಇಂಥಲ್ಲಿ, ಎಂದು
ಇಪ್ಪತ್ತು ಸ್ಲೈಡು ತೋರಿಸಿದೆ.
ಮಸ್ಕರೇನ್ಹಸ್ ಸಾಹೇಬರು ಚಹಾ ಕೆಳಗಿಟ್ಟು
‘ಆ ಪಟ್ಟಿ ಯಾರ ಹತ್ತಿರ ಇರುತ್ತೆ?’ ಅಂದರು.

ಯಾರ ಹತ್ತಿರ.
ಚಾಳು ಕೆಡವಿದ ವರ್ಷ ಎಂಬತ್ತನಾಲ್ಕು ಖೋಲಿ
ಪ್ರತೀಕ್ಷಾ ನಗರದ ಟ್ರಾನ್ಸಿಟ್ ಕ್ಯಾಂಪಿಗೆ, ವಿರಾರಿಗೆ, ಬದ್ಲಾಪುರಕ್ಕೆ.
ಪೋಸ್ಟಿನವನು ಆರು ತಿಂಗಳು
ಇಟ್ಟಿಗೆ ರಾಶಿಯ ಮೇಲೆ ಕಲ್ಲು ಹೇರಿ ಕಾಗದ ಇಟ್ಟುಹೋದ;
ಅವನ ತಲೆಯಲ್ಲಿ ಹಳೆಯ ಉತ್ತರದ ಆಯುಷ್ಯ ಮುಗಿದಿರಲಿಲ್ಲ.
ಕೊನೆಗೆ ಅವನೂ ಬಂದ ಗಾಡಿಗೆ. ಗ್ಯಾಸಿನವರು ಬಂದರು,
ಲಗ್ನಪತ್ರಿಕೆ ಹಿಡಿದವರು ಬಂದರು.
ಝರಣಪ್ಪನ ಉದ್ದ ವಹಿಯಲ್ಲಿ
ಎಡಕ್ಕೆ ಗುರುತು, ಮಸಿಯಲ್ಲಿ.
ಬಲಕ್ಕೆ ಊರು, ಪೆನ್ಸಿಲಿನಲ್ಲಿ.
ಉಜ್ಜಿ ಉಜ್ಜಿ ಬಲಗಡೆಯ ಕಾಗದ ತೆಳ್ಳಗಾಗಿ
ಕೆಲವು ಕಡೆ ತೂತು.

ಮೀನಿನ ಬಾಲದ ಎದುರು ಉಜ್ಜಿದ ಕಲೆ ಮಾತ್ರ,
ಮೇಲೆ ಏನೂ ಬರೆದಿಲ್ಲ.
ಪೆಡಣೇಕರ್ ಕಂಪೌಂಡರರ ಬಿಳಿ ಅಂಗಿ
ಗಾಡಿಯ ಕೆಳಗಿನ ಹಲಗೆಯಲ್ಲಿ, ಮಡಿಕೆ ಮುರಿಯದೆ.
‘ಗುರ್ತು ಹೋಗಾಂಗಿಲ್ಲ,’ ಅಂದಿದ್ದ,
‘ಸೋಡಾ ಹಾಕಿ ಕುದಿಸಿದ್ರೂ.’

ಹೋದ ವಾರ ಆ ಕಡೆ ಇಳಿದೆ. ಸೇತುವೆಗೆ ತಗಡು ಬಡಿದಿದ್ದರು,
ಗಾಡಿ ನಿಲ್ಲುತ್ತಿದ್ದಲ್ಲಿ ಜಲ್ಲಿಯ ಗುಡ್ಡೆ.
ತಗಡಿನ ಮೇಲೆ ಸೀಮೆಸುಣ್ಣದಲ್ಲಿ
ಮೂರು ಗೆರೆ, ಕೊನೆಯದು ಡೊಂಕು,
ನಾನು ಯಾವ ಕಾಲರಿನಲ್ಲೂ ಕಂಡಿರದ್ದು.
ಅವನಿಗೂ ಒಂದು ಇದ್ದೀತು ಅಂತ
ನನಗೆ ಹೊಳೆದೇ ಇರಲಿಲ್ಲ.

ಕೆಳಗೊಂದು ಬಾಣ, ಮಳೆಗೆ ಅರ್ಧ ಕರಗಿತ್ತು.
ಕರೀರೋಡಿನ ಕಡೆಗೋ, ಲಾಲಬಾಗಿನ ಕಡೆಗೋ.
ವಡಾ ಕರಿಯುವವನನ್ನು ಕೇಳಿದೆ.
‘ಯಾರು, ಮೂರು ಗೆರೆಯವನಾ?’ ಎಂದು
ಜಾರಾದಿಂದ ಎಣ್ಣೆ ಬಸಿಯುತ್ತಲೇ ಗದ್ದ ತಿರುಗಿಸಿದ.