ಶೇಕಡಾ ಅರವತ್ಮೂರು

ಮೊದಲು ಬ್ರಷ್ಷು ತೆಗೀತೇನೆ, ಸ್ಕ್ರೂಡ್ರೈವರ್ ಆಮೇಲೆ.
ಕಿಟಕಿಗೆ ಬಣ್ಣ ಹಚ್ಚುವ ಎರಡಿಂಚಿನ ಬ್ರಷ್ಷು.
ದುರ್ಗಿಗುಡಿಯ ಅಡ್ಡರಸ್ತೆ, ಪಾಲಾಕ್ಷಪ್ಪನವರ ಕಾರ್ಡಿನಂಗಡಿ.
ಡಬ್ಬಿ ಬಿಚ್ಚಿದರೆ
ಫ್ಯಾನಿನ ರೆಕ್ಕೆಗೆ ಹನ್ನೊಂದು ವರ್ಷದ ಧೂಳು
ಹಿಂಜಿದ ಹತ್ತಿಯ ಹಾಗೆ;
ನಡುನಡುವೆ ಚಿನ್ನದ ಪುಡಿಯ ಮಿನುಗು,
ಯಾರದೋ ಮದುವೆ ಕಾಗದದಿಂದ ಉದುರಿದ್ದು.
ಒಂದು ಜಿರಲೆ, ಬೆಚ್ಚಗೆ ಸತ್ತದ್ದು.

"ಹೊಸಾ ಸಿಸ್ಟಮ್ ಹಾಕಿಬಿಡು ಸೆಲೀನಮ್ಮ,
ಬಾಗಿಲು ಹಾಕೋದ್ರೊಳಗೆ ಆಗುತ್ತಲ್ಲ?"
ಆಗುತ್ತೆ ಸಾರ್. ಆದರೆ ಮೊದಲು ನಕಲು.
ಎರಡು ನಕಲು. ಒಂದು ನಿಮ್ಮ ಮೇಜಿನ ಖಾನೆಯಲ್ಲಿ,
ಇನ್ನೊಂದು ಈ ಕಟ್ಟಡದಲ್ಲೇ ಇರಬಾರದು.
ಹೊಳೆ ಉಕ್ಕಿದ ವರ್ಷ ಸೀಗೆಹಟ್ಟಿಯ ಸ್ಟುಡಿಯೋದವರು
ಎರಡನ್ನೂ ಒಂದೇ ಬೀರುವಿನಲ್ಲಿಟ್ಟಿದ್ದರು.
ಬೀರು ಭದ್ರವಾಗಿಯೇ ಇತ್ತು, ನೀರೊಳಗೆ.

ತೆರೆಯ ತುಂಬ ಕಡತ, ಹಬ್ಬದ ಹಿಂದಿನ ದಿನದ ಗಾಂಧಿ ಬಜಾರು:
ಕೊನೇದು. ಇದೇ ಕೊನೇದು. ಖಂಡಿತ ಕೊನೇದು.
ಕೊನೇದು, ಸೋದರಮಾವನ ಹೆಸರು ಸೇರಿಸಿ.
ಮೂಲೆಯಲ್ಲೊಂದು ಪುಟ್ಟ ಚೀಟಿ: ಹೊಸ ಆವೃತ್ತಿ ಬಂದಿದೆ.
ಮೂರು ವರ್ಷದಿಂದ ಅವರ ಬೆರಳು ಅದಕ್ಕೆ
ಒಂದೇ ಉತ್ತರ ಒತ್ತಿದೆ:
ಆಮೇಲೆ ನೆನಪಿಸು.

ಜಾಗ ಬೇಕು ಸಾರ್, ಹೊಸಬರು ಬಂದು ಕೂರಬೇಕಾದರೆ.
ಬುಟ್ಟಿಗೆ ಹಾಕಿದ ಕಸ ಹೋಗಿಲ್ಲ, ಬುಟ್ಟಿಯಲ್ಲೇ ಇದೆ.
ನಾಲ್ಕು ಆಂಟಿವೈರಸ್ಸು ಒಂದನ್ನೊಂದು ಅನುಮಾನಿಸುತ್ತ ಕೂತಿವೆ,
ಕಾವಲಿಗೆ ಒಬ್ಬ ಸಾಕು.
ಪಾಸ್‌ವರ್ಡು? ಅವರು ಎದ್ದು ಹೋಗಿ
ಗೋಡೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿಯನ್ನೆತ್ತಿ ತೋರಿಸಿದರು.

ಶುರು. ಹತ್ತು. ಇಪ್ಪತ್ತೆಂಟು.
ಮೂವತ್ತರಲ್ಲಿ ಬಹಳ ಹೊತ್ತು ನಿಂತಿತು,
ಏನೋ ಮರೆತು ಬಂದವರ ಹಾಗೆ.
ಮುಟ್ಟಬೇಡಿ ಅಂದೆ, ನಿಂತದ್ದೆಲ್ಲ ಸತ್ತದ್ದಲ್ಲ.
ಕಾಫಿ ಬಂತು.
ಅರವತ್ಮೂರಕ್ಕೆ ಕರೆಂಟು ಹೋಯಿತು.

ಬೀದಿಯ ಜನರೇಟರುಗಳು ಒಂದೊಂದಾಗಿ ಕೆಮ್ಮಿ ಎದ್ದವು.
ಯುಪಿಎಸ್ಸು ಕೀಂ ಕೀಂ ಅಂದಿತು. ನನ್ನದು,
ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟು ತಂದದ್ದು.
ಅವರದ್ದರ ಬ್ಯಾಟರಿ ಯಾವಾಗಲೋ ಉಬ್ಬಿಹೋಗಿ
ಮೇಲೊಬ್ಬ ಗಣಪತಿ ಕೂತಿದ್ದ.
ಹದಿನೈದು ನಿಮಿಷ ತಾಳುತ್ತೆ, ಅಷ್ಟೆ.
ಪಾಲಾಕ್ಷಪ್ಪ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ
ಎಪ್ಪತ್ತು ಅಂದರು, ಎಪ್ಪತ್ತೊಂದು ಅಂದರು.
ತೊಂಬತ್ತೊಂದರಲ್ಲಿ ಮೆಸ್ಕಾಂ ಮರಳಿತು.

ಹೊಸ ತೆರೆ ನೀಲಿಯಾಗಿ ತೆರೆದುಕೊಂಡಿತು.
ಕೈಗೆ ಸಿಕ್ಕ ಕಡತ ಒತ್ತಿದೆ. "ಅದು ಬೇಡ, ಬೇರೆ ತೆಗಿ" ಅಂದರು,
ತಡವಾಗಿತ್ತು.
ಕನ್ನಡವೇ ಇಲ್ಲ.
ಟೋಪಿ ಹಾಕಿದ ಎ, ಬಾಲ ಬಂದ ಸಿ, ಪೌಂಡಿನ ಗುರುತು,
ತಲೆಕೆಳಗಾದ ಪ್ರಶ್ನೆ.
ಗಾಬರಿ ಬೇಡ ಸಾರ್. ಅಕ್ಷರ ಹೋಗಿಲ್ಲ, ಅದರ ಮೈ ಹೋಗಿದೆ.
ಹಳೇ ಫಾಂಟನ್ನು ಪೆನ್‌ಡ್ರೈವಿನಲ್ಲಿ ಬೇರೆ ಎತ್ತಿಟ್ಟಿದ್ದೆ.
ಇದೊಂದು ಬರೆದಿಟ್ಟುಕೊಳ್ಳಿ, ಉಳಿದದ್ದು ಮರೆತರೂ ಸರಿ.

ಟೋಪಿ ಕಳಚಿ ಬಿತ್ತು.
ತಲೆಕಟ್ಟು ಬಂತು, ಕೊಂಬು ಬಂತು,
ಒತ್ತಕ್ಷರ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು:

ಶಿವಗಣಾರಾಧನೆ.
ಶ್ರೀ ಪಾಲಾಕ್ಷಪ್ಪನವರು, ದಿನಾಂಕ, ಚುಕ್ಕಿ ಚುಕ್ಕಿ ಚುಕ್ಕಿ,
ಲಿಂಗೈಕ್ಯರಾದ ಪ್ರಯುಕ್ತ

ಧೂಳು ಹೊಡೆದ ಫ್ಯಾನು ಸದ್ದೇ ಮಾಡಲಿಲ್ಲ.
ಮಾಡಿದ್ದರೆ ಚೆನ್ನಾಗಿತ್ತು.
"ಬೇರೆಯವರಿಗೆ ಕೊಟ್ಟರೆ ಕ್ಷ ಕೆಡಿಸ್ತಾರೆ ಕಣಮ್ಮ,
ಪಾಲಾಕಷಪ್ಪ ಅಂತ ಹೊಡೆದು ಊರಿಗೆಲ್ಲ ಹಂಚಿಬಿಡ್ತಾರೆ."
ನಾನು ಕ್ಷ ನೋಡಿದೆ. ಸರಿಯಾಗಿತ್ತು.
ದಿನಾಂಕದ ಚುಕ್ಕಿಗಳ ಮೇಲೆ ಕರ್ಸರು ಮಿಣಕ್ ಮಿಣಕ್,
ಆಮೇಲೆ ನೆನಪಿಸು ಅನ್ನುವ ಹಾಗೆ.

ಅದನ್ನೂ ಎರಡು ನಕಲು ಮಾಡಿದೆ.
ಒಂದು ಖಾನೆಗೆ. ಇನ್ನೊಂದು, ಅವರೇ ಅಂದರು, ನಿನ್ನ ಹತ್ತಿರ ಇರಲಿ.
ಆರುನೂರು ಕೇಳಿದೆ, ಐನೂರೈವತ್ತು ಕೊಟ್ಟರು.
ಯುಪಿಎಸ್ಸಿಗೆ ಹೊಸ ಬ್ಯಾಟರಿ ತರಿಸಿ ಸಾರ್, ಅಂದೆ.
ಗಣಪತಿಯನ್ನ ಎಲ್ಲಿಡಲಿ, ಅಂದರು.