ಬೆವರು ಆರುವ ತನಕ

ಕಂಟೇನರ್ ಸಾಲಿನ ಮೂರನೆಯ ಬಾಗಿಲು.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಒಳಗೂ ಅಷ್ಟೇ, ಗಾಳಿಯೊಂದು ಕಮ್ಮಿ.
ಜಂಬಾಲ್ ಕೈಗವಸು ತೆಗೆಯದೆಯೇ
ಡಬ್ಬಗಳನ್ನು ಒಂದೊಂದಾಗಿ ಇಳಿಸುತ್ತಾನೆ.
ಉಲಾನ್‌ಬಾತರಿನ ಜನವರಿಯಲ್ಲಿ
ವ್ಯಾಪಾರಕ್ಕೆ ಮಾತು ಕಡಿಮೆ, ಹಬೆ ಜಾಸ್ತಿ.

ತಂಗಿಯ ಮಗಳು ಎನ್ಖ್‌ಜುಲ್‌ಗೆ
ಗಾಜಿನ ಕೇಸಿನ ಮೇಲೆ ಕಣ್ಣು.
ಮೂರು ಫ್ಯಾನು, ಮೂರಕ್ಕೂ ಕಾಮನಬಿಲ್ಲು,
ಎದುರು ಮುಖಕ್ಕೆ ಒಂದೇ ಒಂದು ತೂತಿಲ್ಲ.
‘ಇದು ಉಸಿರಾಡೋದು ಎಲ್ಲಿಂದ?’
‘ಚೆಂದ ಇದೆಯಲ್ಲ, ದೊಡ್ಡಮ್ಮ.’
ಚೆಂದವೇ. ನಾನೂ ಒಂದು ಗಳಿಗೆ ನೋಡುತ್ತ ನಿಂತೆ.
ಮೇಲೆ ತಳಕು, ಒಳಗೆ ಹುಳುಕು ಅನ್ನುವುದು
ನಾಲಿಗೆ ತುದಿಗೆ ಬಂದು ಅಲ್ಲೇ ಹೆಪ್ಪುಗಟ್ಟಿತು.
ಹದಿನೈದು ವರ್ಷದವಳ ಮುಂದೆ
ಗಾದೆ ಆಡಿದವರು ಯಾರು ಗೆದ್ದಿದ್ದಾರೆ?

ಟ್ರಾಲಿಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷ
ಮೋಟಾರು ಬಿಚ್ಚಿ ಜೋಡಿಸಿದವಳು ನಾನು.
ಗೊತ್ತಿರುವುದು ಇಷ್ಟು:
ಬಿಸಿ ಹೊರಗೆ ಹೋಗಬೇಕು, ಮಸಿ ಒಳಗೆ ಬರಬಾರದು.
ಕಲ್ಲಿದ್ದಲ ಹೊಗೆಯ ಈ ಊರಲ್ಲಿ
ಎರಡಕ್ಕೂ ಇರುವುದು ಒಂದೇ ಬಾಗಿಲು.

ಪವರ್ ಸಪ್ಲೈಯನ್ನು ನಾನು ಓದುವುದಿಲ್ಲ, ತೂಗುತ್ತೇನೆ.
ಹಸುರು ಡಬ್ಬದ್ದು ಏಳುನೂರು ವ್ಯಾಟ್ ಅಂತ ಬರೆದುಕೊಂಡಿತ್ತು,
ಕೈಗೆ ಬಂದರೆ ಒಣಮೊಸರ ಬಿಲ್ಲೆಯಷ್ಟು ಹಗುರ.
ಐನೂರರದ್ದು, ಬಣ್ಣ ಹೋದದ್ದು, ಮೊಣಕೈ ಜಗ್ಗಿಸಿತು.
ಇದು, ಅಂದೆ.
ಸಂಜೆ ಆರಕ್ಕೆ ಬಲ್ಬು ಕೆಂಪಗಾಗುವ ಬೀದಿ ನಮ್ಮದು.
ಕರೆಂಟು ಎಡವಿದರೂ ಬೀಳದ ಸೊಂಟ ಬೇಕು.

ಗ್ರಾಫಿಕ್ಸ್ ಕಾರ್ಡನ್ನು ಮೂಸಿದೆ.
‘ಹಲ್ಲು ಡಾಕ್ಟರ ಆಫೀಸಿನದು ಅಕ್ಕ, ಕೂತೇ ಇತ್ತು.’
ವರ್ಷಗಟ್ಟಲೆ ಹಗಲು ರಾತ್ರಿ ದುಡಿದ ವಾಸನೆ ಇತ್ತು.
ಬೆಲೆ ಇಳಿಸಿದ. ಹಲ್ಲು ಡಾಕ್ಟರ ಮಾತು
ಇಬ್ಬರೂ ಮತ್ತೆ ಎತ್ತಲಿಲ್ಲ.
ಮೆಮೊರಿ ಒಂದೇ ಪಟ್ಟಿ. ಪಕ್ಕದ ಗಾಡಿ ಖಾಲಿ ಇರಲಿ,
ಮುಂದಿನ ಸಂಬಳಕ್ಕೂ ಒಂದು ಕೆಲಸ ಬೇಕಲ್ಲ.

ಕೊನೆಗೆ ಅವಳೇ, ಮೂಲೆಯಿಂದ,
ಯಾವುದೋ ಕಚೇರಿ ಹೊರಗೆ ಹಾಕಿದ
ನೆಗ್ಗಿದ ಬೂದು ತಗಡಿನ ಕೇಸನ್ನು ಎಳೆದು ತಂದಳು.
ಮುಖದ ತುಂಬ ಜಾಲರಿ, ಸಿಡುಬಿನ ಕಲೆಯ ಹಾಗೆ.
‘ಇದೇ ಸರಿ. ಆದರೆ ಪಕ್ಕಕ್ಕೆ ನೀನೊಂದು ಕಿಟಕಿ ಕೊರೆದುಕೊಡಬೇಕು.’
ಚೌಕಾಸಿಯನ್ನು ಜಂಬಾಲನಿಂದ ಕಲಿತಳೋ,
ನನ್ನಿಂದಲೋ.

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ
ಎಲ್ಲವೂ ಬೆವರತೊಡಗಿದವು.
ತಗಡು ಬೆಳ್ಳಗಾಯಿತು, ಆಮೇಲೆ ಕಪ್ಪಗೆ ಒದ್ದೆಯಾಯಿತು,
ತಿರುಪು ತಿರುಪಿಗೂ ಒಂದೊಂದು ಹನಿ.
‘ಈಗಲೇ ಹಾಕೋಣ.’
‘ನೀರು ಕುಡಿದು ಸಾಯುತ್ತೆ. ಮೂರು ಗಂಟೆ.’
‘ಎರಡು?’
‘ಮೂರು.’

ಮೂರು ಗಂಟೆ ಏನು ಮಾಡುವುದು?
ಮಂಚದ ಕೆಳಗಿಂದ ಅಕ್ರಿಲಿಕ್ ಹಲಗೆ ತೆಗೆದೆ.
ಗುಜರಿಗೆ ಹೋದ ಬಸ್ಸಿನಲ್ಲಿ ಡ್ರೈವರ್ ಬೆನ್ನ ಹಿಂದೆ ಇದ್ದದ್ದು.
ಗೆರೆ ಎಳೆದು ಕೊಯ್ದೆವು. ಅವಳು ಹಿಡಿದಳು,
ಹಿಡಿದ ಕೈ ನಡುಗಿ ಒಂದು ಅಂಚು ಸೊಟ್ಟಗಾಯಿತು.
ಹಳೆಯ ಕಾಲುಚೀಲ ಕತ್ತರಿಸಿ ಜಾಲರಿಗೆ ಬಿಗಿದೆ,
ಮಸಿ ಅಲ್ಲೇ ಕೂತುಕೊಳ್ಳಲಿ, ವಾರಕ್ಕೊಮ್ಮೆ ಒಗೆದರಾಯಿತು.
ಹಲಗೆಯ ಮೇಲೆ ಯಾರೋ ಮೊಳೆಯಲ್ಲಿ ಗೀರಿದ್ದರು:
ದುಲ್ಮಾ, ಏಳನೇ ಕ್ಲಾಸು.
ಉಜ್ಜಿ ತೆಗೆಯಲು ಹೋದೆ.
‘ಬೇಡ, ಇರಲಿ.’

ಹನ್ನೊಂದಕ್ಕೆ ಅವಳು ಕೂತಲ್ಲೇ ನಿದ್ದೆ ಹೋದಳು,
ಸ್ಕ್ರೂಡ್ರೈವರ್ ಮುಷ್ಟಿಯಲ್ಲೇ.
ಅಂಗೈ ಹಿಂಭಾಗದಿಂದ ತಗಡು ಮುಟ್ಟಿ ನೋಡಿದೆ,
ಜ್ವರ ನೋಡುವ ಹಾಗೆ. ಒಣಗಿತ್ತು.
ಬೋರ್ಡು, ಕಾರ್ಡು, ಒಂಟಿ ಮೆಮೊರಿ,
ಎಲ್ಲ ಕೂತವು. ಹಿಂದಿನ ಸ್ವಿಚ್ಚನ್ನೂ ಹಾಕಿದೆ.
ಉಳಿದದ್ದು ಮುಂದಿನ ಗುಂಡಿ ಒಂದೇ.

ಒಲೆಗೆ ಇನ್ನೊಂದು ಹಿಡಿ ಇದ್ದಿಲು ಹಾಕಿ
ದೀಪ ಆರಿಸಿದೆ.
ಒಲೆಯ ಬಾಯಿಯ ಕೆಂಪು
ಸೊಟ್ಟ ಕಿಟಕಿಯ ಮೇಲೆ ಬಿದ್ದು
ದುಲ್ಮಾಳ ಹೆಸರು ಮಾತ್ರ ಹೊಳೆಯುತ್ತಿತ್ತು.
ಗುಂಡಿ ಅವಳು ಎದ್ದು ಒತ್ತಲಿ.